ಸ್ತನಪರೀಕ್ಷೆಗೆ ಧನಸಹಾಯ: ಅಮೆರಿಕದ ಎರಡು ಶಾಸನಗಳು

ಬಡ ಸ್ತ್ರೀಯರ ಸ್ತನಪರೀಕ್ಷೆಗೆ ಸರ್ಕಾರವು ಹಣ ಕೊಟ್ಟಮೇಲೆ, ಪತ್ತೆಯಾದ ರೋಗದ ಚಿಕಿತ್ಸೆಗೆ ಹಣ ಕೊಡತಕ್ಕವರಾರು? ಅಮೆರಿಕಾ ಸಂಯುಕ್ತ ಸಂಸ್ಥಾನದ ಅನುಭವವನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಉಚಿತವೆಂದು ಭಾವಿಸುತ್ತೇವೆ.

1990ರಲ್ಲಿ ಅಲ್ಲಿನ ಕಾಂಗ್ರೆಸ್ಸು ಅಂಗೀಕರಿಸಿದ ಶಾಸನವು ವಿಮೆಯಿಲ್ಲದ, ಅಲ್ಪ ವರಮಾನದ ಸ್ತ್ರೀಯರ ಸ್ತನ ಹಾಗೂ ಗರ್ಭಕಂಠದ ಕ್ಯಾನ್ಸರ್ ತಪಾಸಣೆಗಾಗಿ ರಾಜ್ಯಗಳಿಗೆ ಹಣ ಒದಗಿಸಿತು. ಕೇಂದ್ರದ 3 ಡಾಲರಿಗೆ ರಾಜ್ಯವು 1 ಡಾಲರನ್ನು, ಹಣವಾಗಿಯೋ ಸೇವೆಯಾಗಿಯೋ, ಕೂಡಿಸತಕ್ಕದ್ದು. ಕೇಂದ್ರದ ಹಣದಲ್ಲಿ ಶೇಕಡ 60ಕ್ಕೆ ಕಡಮೆಯಿಲ್ಲದಷ್ಟು ತಪಾಸಣೆಗೂ ಅದರ ಮುಂದಿನ ರೋಗನಿರ್ಣಯಕ್ಕೂ ಮೀಸಲು. ಜನಶಿಕ್ಷಣ, ಸಿಬ್ಬಂದಿಯ ತರಬೇತಿ, ಎಕ್ಸ್-ಕಿರಣ ಚಿತ್ರಗಳ ಗುಣಪರೀಕ್ಷೆ ಮೊದಲಾದುವೆಲ್ಲ ಉಳಿದುದರಲ್ಲಿಯೇ ನಡೆಯಬೇಕು. ಜನಶಿಕ್ಷಣವನ್ನು ಕಿರಿದೆಂದು ಎಣಿಸಲಾಗದು. ಅರ್ಕನ್ಸಾ ರಾಜ್ಯದಲ್ಲಿ ಆರಂಭವಾದ ‘ವಿಟ್ನೆಸ್’ ಯೋಜನೆಯಲ್ಲಿ, ರೋಗವನ್ನು ಗೆದ್ದ ಆಫ್ರಿಕನ್ ಅಮೆರಿಕನ್ ಸ್ತ್ರೀಯರೇ ಚರ್ಚುಗಳಲ್ಲಿ ನಿಂತು ತಮ್ಮ ವೃತ್ತಾಂತವನ್ನು ಹೇಳಿದರು. ಕ್ಯಾನ್ಸರೆಂದರೆ ಮರಣವೆಂದೇ ನಂಬಿದವಳಿಗೆ, ಎದುರಿಗೆ ಬದುಕಿ ನಿಂತಿರುವವಳಿಗಿಂತ ಬೇರೆ ಪ್ರಮಾಣ ಬೇಕೆ?

ಆದರೆ ಶಾಸನದಲ್ಲಿ ಒಂದು ದೊಡ್ಡ ನ್ಯೂನತೆಯಿದ್ದಿತು. ಈ ಹಣವನ್ನು ಚಿಕಿತ್ಸೆಗೆ ಬಳಸುವಂತಿರಲಿಲ್ಲ. ರೋಗಿಯನ್ನು ಚಿಕಿತ್ಸೆಗೆ ಕಳುಹಿಸುವ ಹೊಣೆ ಮಾತ್ರ ರಾಜ್ಯದ್ದು. ವೆಚ್ಚಕ್ಕಾಗಿ ದಾನಿಗಳನ್ನೂ ಶುಲ್ಕ ಬಿಡುವ ವೈದ್ಯರನ್ನೂ ಅರಸಬೇಕಾಗುತ್ತಿತ್ತು. ಗಂಟಿದೆಯೆಂಬ ವಾರ್ತೆಗೆ ಬೆಲೆಯಿಲ್ಲ, ಅದನ್ನು ತೆಗೆಯಿಸಲು ಯಾರಾದರೂ ಕನಿಕರಿಸಬೇಕು! ಹೀಗೆಯೇ 10 ವರ್ಷ ಕಳೆಯಿತು. 2000ದ ಶಾಸನವು, ಈ ಯೋಜನೆಯಲ್ಲಿ ರೋಗ ಪತ್ತೆಯಾದವರಿಗೆ ಬಡವರ ಸರ್ಕಾರೀ ವಿಮೆಯಾದ ಮೆಡಿಕೈಡ್ ಮೂಲಕ ಚಿಕಿತ್ಸೆ ಕೊಡಿಸಲು ರಾಜ್ಯಗಳಿಗೆ ಅವಕಾಶವಿತ್ತು, ವೆಚ್ಚದಲ್ಲಿ ಕೇಂದ್ರದ ಪಾಲನ್ನೂ ಹೆಚ್ಚಿಸಿತು. ಕಡ್ಡಾಯವೇನೂ ಇರಲಿಲ್ಲ, ಆದರೂ ಕ್ರಮೇಣ 50 ರಾಜ್ಯಗಳೂ ಅದನ್ನು ಸ್ವೀಕರಿಸಿದವು.