ತಾಮ್ರದ ತಂತಿ ಏಕೆ ಕಾಯುತ್ತದೆ?

ಫೋನಿಗೆ ಚಾರ್ಜರ್ ಹಚ್ಚಿ ಅರ್ಧ ತಾಸಿನ ಮೇಲೆ ಮುಟ್ಟಿದರೆ ಅದು ಬೆಚ್ಚಗಾಗಿರುತ್ತದೆ. ಈ ಶಾಖವು ನಾವು ಹಣ ಕೊಟ್ಟು ಪಡೆದ ವಿದ್ಯುತ್ತಿನದೇ. ಫೋನನ್ನು ತಲುಪದೆ ನಡುವೆಯೇ ವ್ಯರ್ಥವಾದದ್ದು. ಅದರಲ್ಲೊಂದು ಪಾಲು ಚಾರ್ಜರಿನೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರಿನ ತಾಮ್ರದ ಸುತ್ತುಗಳಲ್ಲಿ ಹುಟ್ಟುತ್ತದೆ. ಇದಕ್ಕೆ ‘ತಾಮ್ರ ನಷ್ಟ’ ಎನ್ನುವರು.

ತಾಮ್ರ ಒಳ್ಳೆಯ ವಾಹಕವಾದರೂ ಅದಕ್ಕೂ ತುಸು ರೋಧವುಂಟು. ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದರೆ ನಷ್ಟ ತಿಳಿಯುತ್ತದೆ. ರೋಧ ೧ ಓಮ್, ಪ್ರವಾಹ ೨ ಆಂಪಿಯರ್ ಇದ್ದರೆ ನಷ್ಟ ೪ ವ್ಯಾಟ್. ಪ್ರವಾಹ ೪ ಆಂಪಿಯರ್ ಆದರೆ ನಷ್ಟ ೧೬ ವ್ಯಾಟ್. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತನ್ನು ಕೋಲಾರದ ಚಿನ್ನದ ಗಣಿಗಳಿಗೆ ಒಯ್ಯುವಾಗ ವೋಲ್ಟೇಜನ್ನು ಬಹಳ ಏರಿಸಿದ್ದು ಇದಕ್ಕಾಗಿಯೇ. ವೋಲ್ಟೇಜು ಏರಿದರೆ ಅಷ್ಟೇ ಶಕ್ತಿಗೆ ಕಡಿಮೆ ಪ್ರವಾಹ ಸಾಕು.

ಹಾಗಾದರೆ ತಂತಿಯನ್ನು ದಪ್ಪ ಮಾಡಿ ರೋಧ ತಗ್ಗಿಸಬಹುದಲ್ಲವೇ? ನಮ್ಮ ಹನ್ನೂರಿನ ಹೊಲಗಳ ಬದಿಯ ಡಿ.ಪಿ.ಗೆ ಈ ಮಾತು ಬಹುಮಟ್ಟಿಗೆ ಸರಿ. ಅಲ್ಲಿ ಪ್ರವಾಹದ ಆವರ್ತನ ೫೦ ಹರ್ಟ್ಸ್. ಚಾರ್ಜರಿನಲ್ಲಿ ಅದು ಒಂದು ಲಕ್ಷ ಹರ್ಟ್ಸ್‌ನಷ್ಟಿರಬಹುದು. ಆವರ್ತನ ಹೆಚ್ಚಿದರೆ ಅದೇ ಶಕ್ತಿಗೆ ಚಿಕ್ಕ ಟ್ರಾನ್ಸ್‌ಫಾರ್ಮರ್ ಸಾಕಾಗುತ್ತದೆ. ಆದರೆ ಹೊಸ ತೊಡಕೊಂದು ಹುಟ್ಟುತ್ತದೆ.

ಇಷ್ಟು ಬೇಗ ಬದಲಾಗುವ ಪ್ರವಾಹದ ಕಾಂತಕ್ಷೇತ್ರವು ತಂತಿಯೊಳಗೇ ಸುಳಿಪ್ರವಾಹಗಳನ್ನು ಎಬ್ಬಿಸುತ್ತದೆ. ಅವು ಮುಖ್ಯ ಪ್ರವಾಹವನ್ನು ನಡುವಿನಿಂದ ಮೇಲ್ಮೈಗೆ ನೂಕುತ್ತವೆ. ತಾಮ್ರದಲ್ಲಿ ಈ ಪದರದ ಆಳ ೫೦ ಹರ್ಟ್ಸ್‌ಗೆ ಸುಮಾರು ೯ ಮಿಲಿಮೀಟರ್. ಲಕ್ಷ ಹರ್ಟ್ಸ್‌ಗೆ ಕೇವಲ ೦.೨ ಮಿಲಿಮೀಟರ್! ೨ ಮಿಲಿಮೀಟರ್ ದಪ್ಪದ ತಂತಿ ಹಾಕಿದರೂ ಅದರ ನಡುವಿನ ತಾಮ್ರ ಹೆಚ್ಚುಕಡಿಮೆ ಕೆಲಸವಿಲ್ಲದೆ ಕುಳಿತಿರುತ್ತದೆ. ಪಕ್ಕದ ಸುತ್ತುಗಳ ಕಾಂತಕ್ಷೇತ್ರವೂ ಪ್ರವಾಹವನ್ನು ಒಂದೇ ಬದಿಗೆ ಒತ್ತುತ್ತದೆ. ಹೀಗೆ ರೋಧ ಮತ್ತೆ ಹೆಚ್ಚುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ನಮ್ಮ ರೈತರ ಹಗ್ಗದಂತಹದು. ಕೂದಲಿನಂತಹ ತೆಳು ಎಳೆಗಳಿಗೆ ಒಂದೊಂದಕ್ಕೂ ಅವಾಹಕ ಲೇಪ ಬಳಿದು, ಹಲವನ್ನು ಕೂಡಿಸಿ ಹೊಸೆಯುತ್ತಾರೆ. ಇದೇ ಲಿಟ್ಸ್ ತಂತಿ. ಹೊಸೆದುದರಿಂದ ಪ್ರತಿ ಎಳೆಯೂ ಒಮ್ಮೆ ಒಳಗೆ, ಒಮ್ಮೆ ಹೊರಗೆ ಬರುತ್ತದೆ. ಪ್ರವಾಹ ಎಲ್ಲ ಎಳೆಗಳಿಗೂ ಸಮನಾಗಿ ಹಂಚಿಹೋಗುತ್ತದೆ. ಲೇಪವಿಲ್ಲದಿದ್ದರೆ ಎಳೆಗಳೆಲ್ಲ ಸೇರಿ ಮತ್ತೆ ಒಂದೇ ದಪ್ಪ ತಂತಿಯಾದಂತೆ!

ಪಾಲಕರೂ ವಿದ್ಯಾರ್ಥಿಗಳೂ ಇನ್ನೊಂದು ಮಾತನ್ನು ಗಮನಿಸಬೇಕು. ತಾಮ್ರದ ಉಷ್ಣತೆ ೧೦ ಡಿಗ್ರಿ ಸೆಲ್ಸಿಯಸ್ ಏರಿದರೆ ಅದರ ರೋಧ ಸುಮಾರು ಶೇಕಡಾ ೪ರಷ್ಟು ಏರುತ್ತದೆ. ಕಾದ ತಂತಿ ಇನ್ನಷ್ಟು ಕಾಯುತ್ತದೆ. ಅತಿಯಾದರೆ ಲೇಪ ಸುಡುತ್ತದೆ. ಆದ್ದರಿಂದ ಚಾರ್ಜರನ್ನು ಹಾಸಿಗೆ, ದಿಂಬಿನ ಕೆಳಗೆ ಇಡದೆ ಗಾಳಿಯಾಡುವ ಕಡೆ ಹಚ್ಚಬೇಕು. ತುಸು ಬೆಚ್ಚಗಾಗುವುದು ಸಹಜ. ಕೈ ಇಡಲಾಗದಷ್ಟು ಕಾದರೆ ಅಥವಾ ಸುಟ್ಟ ವಾಸನೆ ಬಂದರೆ ಕೂಡಲೇ ಬಟನ್ ಬಂದ್ ಮಾಡಿರಿ. ಆ ಚಾರ್ಜರನ್ನು ಮತ್ತೆ ಬಳಸಬೇಡಿರಿ.