ನಿಮಗಿದು ಗೊತ್ತೆ? ಒಂದೇ ಪಂಥ, ಎರಡು ಮತ

ಅಮೆರಿಕದ 1964ರ ನಾಗರಿಕ ಹಕ್ಕುಗಳ ಮಸೂದೆಯನ್ನು ದಕ್ಷಿಣದ ಡೆಮಾಕ್ರಟಿಕ್ ಸೆನೆಟರುಗಳು ಎರಡು ತಿಂಗಳಿಗೂ ಹೆಚ್ಚು ಕಾಲ ಭಾಷಣದ ಮೇಲೆ ಭಾಷಣ ಮಾಡಿ ತಡೆದಿದ್ದರು. ಆ ತಡೆ ಮುರಿಯಲು ರಿಪಬ್ಲಿಕನ್ ಮತಗಳನ್ನು ಕೂಡಿಸಿಕೊಟ್ಟವರು ಸಂಪ್ರದಾಯವಾದಿ ನಾಯಕ ಎವರೆಟ್ ಡರ್ಕ್ಸನ್. ಜೂನ್ 19ರಂದು ಸೆನೆಟ್ ಮಸೂದೆಯನ್ನು 73–27 ಮತಗಳಿಂದ ಅಂಗೀಕರಿಸಿತು.

ಆದರೆ ವಿರೋಧಿಸಿದ 6 ರಿಪಬ್ಲಿಕನ್ನರಲ್ಲಿ ಇನ್ನೊಬ್ಬ ಸಂಪ್ರದಾಯವಾದಿ ಬ್ಯಾರಿ ಗೋಲ್ಡ್‌ವಾಟರ್ ಕೂಡ ಇದ್ದರು! 1957 ಮತ್ತು 1960ರ ಹಕ್ಕು ಕಾಯ್ದೆಗಳನ್ನು ಅವರು ಬೆಂಬಲಿಸಿದ್ದರು. ಆದರೆ ಈ ಮಸೂದೆಯಂತೆ ಖಾಸಗಿ ಹೋಟೆಲು, ನೌಕರಿಗಳಲ್ಲಿನ ಭೇದಭಾವದ ವಿಷಯದಲ್ಲಿ ಕೈಹಾಕಲು ಸಂವಿಧಾನ ಕೇಂದ್ರಕ್ಕೆ ಅಧಿಕಾರ ಕೊಟ್ಟಿಲ್ಲ ಎಂಬುದು ಅವರ ವಾದ. ನವೆಂಬರಿನ ಅಧ್ಯಕ್ಷೀಯ ಚುನಾವಣೆಯಲ್ಲಿ ತವರು ಅರಿಜೋನಾ ಬಿಟ್ಟರೆ ಅವರು ಗೆದ್ದದ್ದು ದಕ್ಷಿಣದ 5 ರಾಜ್ಯಗಳನ್ನಷ್ಟೇ. ಹೋಟೆಲುಗಳ ಕುರಿತ ಆ ವಾದವನ್ನು ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ತಳ್ಳಿಹಾಕಿತು.