ಆಪರೇಷನ್ ನಂತರದ ಸಿಡುಕು: ಸಕ್ಕರೆ ಇಳಿದಿರಬಹುದು

ಕೊಯಮತ್ತೂರು: ಹೊಟ್ಟೆಯ ಆಪರೇಷನ್ ಆದವರಿಗೆ ಕೆಲವು ದಿನ ಗಂಜಿ ತಿಳಿ, ಎಳನೀರಿನಂಥ ದ್ರವಾಹಾರವೇ ಗತಿ. ಆಗ ರೋಗಿ ಸಿಡುಕಿದರೆ, ಸುಮ್ಮನೆ ಅತ್ತರೆ ನೋವಿನ ಸಿಟ್ಟೆಂದು ಮನೆಯವರು ಬಿಟ್ಟುಬಿಡುವುದುಂಟು. ರಕ್ತದಲ್ಲಿ ಸಕ್ಕರೆ ಇಳಿದಾಗಲೂ ಹೀಗಾಗುತ್ತದೆ.

ಮಿದುಳು ನಡೆಯುವುದು ಮುಖ್ಯವಾಗಿ ಗ್ಲೂಕೋಸಿನಿಂದ. ಅದು ಕಡಿಮೆಯಾದರೆ ನಡುಕ, ಬೆವರು, ಎದೆಬಡಿತ, ಕೋಪ, ಗೊಂದಲ ಕಾಣಿಸುತ್ತವೆ. ಜಠರದ ಆಪರೇಷನ್ ಆದವರು ಸಿಹಿ ಜ್ಯೂಸನ್ನು ಒಮ್ಮೆಲೇ ಕುಡಿದರೆ ಸಕ್ಕರೆ ಸರ್ರನೆ ಏರಿ, 1ರಿಂದ 3 ಗಂಟೆಯೊಳಗೆ ಕುಸಿಯಬಹುದು. ಆಪರೇಷನ್ನಿನ ಒತ್ತಡದಿಂದ ಸಕ್ಕರೆ ಏರುವುದೂ ಉಂಟು. ಆದ್ದರಿಂದ ಊಹಿಸದೆ ಮೀಟರ್‌ನಲ್ಲಿ ನೋಡಬೇಕು.

ಮೀಟರ್ 70ಕ್ಕಿಂತ ಕಡಿಮೆ ತೋರಿಸಿದರೆ, ಎಚ್ಚರವಿದ್ದು ನುಂಗಬಲ್ಲವರಿಗೆ 15 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷದ ನಂತರ ಮತ್ತೆ ನೋಡಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಬೇಕು.

ಸಕ್ಕರೆ ಕಾಯಿಲೆಯವರು ದ್ರವಾಹಾರದ ದಿನಗಳಲ್ಲಿ ಮಾತ್ರೆ, ಇನ್ಸುಲಿನ್ ಎಷ್ಟೆಂದು ಡಿಸ್ಚಾರ್ಜ್‌ಗೆ ಮುನ್ನವೇ ಕೇಳಿ ಬರೆಸಿಕೊಳ್ಳಬೇಕು. ಹಳೆಯ ಡೋಸನ್ನೇ ಮುಂದುವರಿಸುವುದೂ ತಾವಾಗಿ ನಿಲ್ಲಿಸುವುದೂ ಅಪಾಯ.

ಸಿರುಮುಗೈ, ಉಡುಮಲೈ ಕಡೆಯ ಕನ್ನಡ ಮನೆಗಳವರು ತಮಿಳು ಡಾಕ್ಟರ ಬಳಿ ‘ಕೋಬಂ’ ಎಂದಷ್ಟೇ ಹೇಳಿ ನಿಲ್ಲಿಸಬಾರದು. ‘ನಡುಕ್ಕಂ’, ‘ವೇರ್ವೈ’, ‘ಮಯಕ್ಕಂ’ ಇದ್ದರೆ ಅದನ್ನೂ, ಆದ ಹೊತ್ತನ್ನೂ ಹೇಳಬೇಕು.